ಬುಖಾರಾದಲ್ಲಿ ನೇಯದ ‘ಬುಖಾರಾ’

ರತ್ನಗಂಬಳಿ ಮಾರುವ ಅಂಗಡಿಗಳಲ್ಲಿ ‘ಬುಖಾರಾ’ ಎಂಬುದು ಹಳೆಯ ಹೆಸರು. ಕಡುಗೆಂಪು ನೆಲ, ಅದರ ಮೇಲೆ ಸಾಲು ಸಾಲಾಗಿ ಎಂಟು ಮೂಲೆಯ ಪದಕಗಳು, ಸುತ್ತ ಹಲವು ಪಟ್ಟಿಗಳ ಅಂಚು. ಇಂಥದ್ದನ್ನು ಬಿಚ್ಚಿ ಹಾಸಿದ ಕೂಡಲೇ ಅಂಗಡಿಯವನು ‘ಬುಖಾರಾ’ ಎನ್ನುತ್ತಾನೆ, ಗಿರಾಕಿ ತಲೆಯಾಡಿಸುತ್ತಾನೆ. ಇಂದು ಆ ಹೆಸರಿನಲ್ಲಿ ಬಿಕರಿಯಾಗುವ ಮಾಲಿನಲ್ಲಿ ಬಹಳಷ್ಟು ಪಾಕಿಸ್ತಾನದ ಮಗ್ಗಗಳದ್ದು. ಇರಲಿ. ಮೂಲ ವಿನ್ಯಾಸವಾದರೂ ಬುಖಾರಾದ್ದೇ ಎಂದು ಕೇಳಿದರೆ ಅದೂ ಅಲ್ಲ. ಕ್ಯಾಸ್ಪಿಯನ್ ಸಮುದ್ರಕ್ಕೂ ಅಮು ದರಿಯಾ ನದಿಗೂ ನಡುವಿನ ಮರುಭೂಮಿ ಮತ್ತು ಹುಲ್ಲುಗಾವಲುಗಳಲ್ಲಿ ಕುರಿ, ಒಂಟೆ, ಕುದುರೆಗಳೊಂದಿಗೆ ಬದುಕಿದ ತುರ್ಕಮನ್ ಬುಡಕಟ್ಟುಗಳ ಹೆಂಗಸರು ಅದನ್ನು ನೇಯ್ದರು. ಬುಖಾರಾ ಅದು ಮಾರಾಟಕ್ಕೆ ಬಂದ ಪೇಟೆ, ಅಷ್ಟೇ. ನೇಯ್ದವಳ ಹೆಸರು ಹೋಯಿತು, ಮಾರಿದ ಊರಿನ ಹೆಸರು ಉಳಿಯಿತು.

ವ್ಯಾಪಾರದಲ್ಲಿ ಇದೆಲ್ಲ ಇದ್ದದ್ದೇ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಕಳೆದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಈ ಗಂಬಳಿಗಳ ಬಗ್ಗೆ ಬರೆದ ಪುಸ್ತಕಗಳು, ಹರಾಜಿನ ಕ್ಯಾಟಲಾಗುಗಳು, ಸಂಗ್ರಹಾಲಯಗಳ ಫಲಕಗಳಲ್ಲೂ ಇದೇ ಚಾಳಿ ಕಾಣುತ್ತದೆ. ಗಂಬಳಿಯ ಮೇಲಿನ ಚೌಕ, ತ್ರಿಕೋನ, ಕೊಂಡಿಗಳನ್ನು ಓದಲು ಹೊರಟವರು ಅವುಗಳಲ್ಲಿ ಧರ್ಮದ ನಿಷೇಧವನ್ನು ಕಂಡಿದ್ದಾರೆ, ಆದಿಮಾತೆಯನ್ನು ಕಂಡಿದ್ದಾರೆ, ಸ್ವರ್ಗ ಪಾತಾಳಗಳ ನಕ್ಷೆ ಕಂಡಿದ್ದಾರೆ. ಮಗ್ಗದ ಮುಂದೆ ಕುಳಿತು ಒಂದೊಂದೇ ಗಂಟು ಹಾಕುತ್ತಾ, ಮುಂದಿನ ಗಂಟಿಗೆ ಯಾವ ಬಣ್ಣ ಎಂದು ನಿರ್ಧರಿಸುತ್ತಿದ್ದ ಹೆಂಗಸನ್ನು ಮಾತ್ರ ಕಂಡವರು ಕಡಿಮೆ.

ಮೊದಲು ವಸ್ತುವನ್ನೇ ನೋಡೋಣ. ತುರ್ಕಮನ್ನರಲ್ಲಿ ಸಾಲೋರ್, ಸಾರಿಕ್, ತೆಕೆ, ಯೋಮುತ್, ಎರ್ಸಾರಿ, ಚೋದೋರ್ ಎಂಬ ಹಲವು ಬುಡಕಟ್ಟುಗಳಿವೆ. ನೆಲಕ್ಕೆ ಹಾಸುವ ದೊಡ್ಡ ಗಂಬಳಿ ಅವರ ನೇಯ್ಗೆಯ ಒಂದು ಭಾಗ ಮಾತ್ರ. ಅವರ ಮನೆ ಎಂದರೆ ಬಿಚ್ಚಿ ಒಂಟೆಯ ಮೇಲೆ ಹೇರಬಹುದಾದ ದುಂಡು ಗುಡಾರ. ಅದರಲ್ಲಿ ಕಪಾಟಿಲ್ಲ, ಪೆಟ್ಟಿಗೆಯಿಲ್ಲ, ಮರದ ಬಾಗಿಲೂ ಇರುತ್ತದೆಂದು ಹೇಳಲಾಗದು. ಇವೆಲ್ಲದರ ಕೆಲಸವನ್ನೂ ನೇಯ್ಗೆ ಮಾಡಬೇಕಿತ್ತು. ಬಟ್ಟೆಬರೆ, ಧಾನ್ಯ ತುಂಬಲು ‘ಚುವಾಲ್’ ಎಂಬ ದೊಡ್ಡ ಚೀಲ, ಸಣ್ಣ ಸಾಮಾನಿಗೆ ‘ತೋರ್ಬಾ’, ಬಾಗಿಲಿಗೆ ‘ಎನ್ಸಿ’, ಗುಡಾರದ ಕಟ್ಟಿಗೆಗಳನ್ನು ಬಿಗಿಯಲು ಹನ್ನೆರಡು ಹದಿನೈದು ಮೀಟರ್ ಉದ್ದದ ಪಟ್ಟಿ, ಮದುವೆಯ ಒಂಟೆಯ ಎರಡು ಪಕ್ಕೆಗಳಿಗೆ ಜೋಡಿಯಾಗಿ ‘ಅಸ್ಮಾಲಿಕ್’. ಇಂದು ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಕಾಣುವ ಅನೇಕ ‘ಪುಟ್ಟ ಗಂಬಳಿಗಳು’ ವಾಸ್ತವದಲ್ಲಿ ಚೀಲದ ಮುಖಗಳು. ಹಿಂಬದಿಯನ್ನು ಕತ್ತರಿಸಿ ಎಸೆದು ಮುಖವನ್ನಷ್ಟೇ ಮಾರಿದ್ದಾರೆ.

ಇವುಗಳಲ್ಲೆಲ್ಲ ಮುಖ್ಯವಾದ ಆಕೃತಿ ‘ಗುಲ್’ ಅಥವಾ ‘ಗೋಲ್’. ತೆಕೆ ಬುಡಕಟ್ಟಿನ ಒಂದು ದೊಡ್ಡ ಹಳೆಯ ಗಂಬಳಿಯನ್ನು ಎದುರಿಗಿಟ್ಟುಕೊಳ್ಳಿ. ಕೆಂಪು ನೆಲದ ಮೇಲೆ ಉದ್ದಕ್ಕೆ ನಾಲ್ಕೋ ಐದೋ ಸಾಲು ಗುಲ್‌ಗಳು. ಪ್ರತಿ ಗುಲ್ ಅಡ್ಡಕ್ಕೆ ಹಿಗ್ಗಿದ ಎಂಟು ಮೂಲೆಯ ಆಕೃತಿ. ಒಂದು ಕಡು ಬಣ್ಣದ ಗೆರೆ ಅಡ್ಡಲಾಗಿ, ಇನ್ನೊಂದು ನೆಟ್ಟಗೆ ಹಾದುಹೋಗಿ ಪ್ರತಿ ಗುಲ್ಲನ್ನೂ ನಾಲ್ಕು ಪಾಲು ಮಾಡುತ್ತದೆ. ಆ ಗೆರೆಗಳು ಅಲ್ಲಿಗೇ ನಿಲ್ಲದೆ ಪಕ್ಕದ ಗುಲ್ಲಿಗೆ, ಅದರಾಚೆಯದಕ್ಕೆ ಸಾಗಿ ಇಡೀ ನೆಲವನ್ನೇ ಬಲೆಯಂತೆ ಬೆಸೆಯುತ್ತವೆ. ನಾಲ್ಕು ಪಾಲುಗಳಲ್ಲಿ ಎದುರುಬದುರಾದ ಎರಡಕ್ಕೆ ಒಂದು ಬಣ್ಣ, ಉಳಿದೆರಡಕ್ಕೆ ಇನ್ನೊಂದು. ಹಾಗಾಗಿ ಕಣ್ಣು ಅಡ್ಡಕ್ಕೆ, ಉದ್ದಕ್ಕೆ ಓಡುವಷ್ಟೇ ಓರೆಯಾಗಿಯೂ ಓಡುತ್ತದೆ. ದೊಡ್ಡ ಗುಲ್‌ಗಳ ನಡುವಿನ ಖಾಲಿ ಜಾಗದಲ್ಲಿ ಚಿಕ್ಕದೊಂದು ಆಕೃತಿ. ಅದು ದೊಡ್ಡದರ ಜೊತೆ ಸ್ಪರ್ಧೆಗಿಳಿಯದಂತೆ, ಹಾಗೆಂದು ಕಳೆದೂ ಹೋಗದಂತೆ ಅಳತೆ ಮಾಡಿ ಇಟ್ಟದ್ದು. ಬಳಸಿದ ಬಣ್ಣಗಳು ಐದಾರು ಮಾತ್ರ. ಮಂಜಿಷ್ಠದ ಬೇರಿನ ಕೆಂಪು, ನೀಲಿ ಗಿಡದ ಬಣ್ಣ, ಒಂದಿಷ್ಟು ಹಳದಿ, ದಂತದ ಬಿಳುಪು, ಕಂದು. ಇಷ್ಟರಲ್ಲೇ ಎರಡು ಮೀಟರ್ ಅಗಲ, ಎರಡೂವರೆ ಮೀಟರ್ ಉದ್ದದ ಹರವನ್ನು ಬೇಸರವಾಗದಂತೆ ತುಂಬಿದ್ದಾಳೆ. ಚದರ ಅಂಗುಲಕ್ಕೆ 150 ಗಂಟು ಎಂದು ಹಿಡಿದರೂ ಅಷ್ಟು ಹರವಿಗೆ ಹನ್ನೊಂದು ಲಕ್ಷಕ್ಕೂ ಹೆಚ್ಚು ಗಂಟುಗಳಾಗುತ್ತವೆ. ಒಳ್ಳೆಯ ತೆಕೆ ನೇಯ್ಗೆಯಲ್ಲಿ ಇನ್ನೂ ಹೆಚ್ಚು.

ಆ ನಡುವಿನ ಚಿಕ್ಕ ಆಕೃತಿಯ ಹೆಸರು ‘ಚೆಮ್ಚೆ ಗುಲ್’. ಚೆಮ್ಚೆ ಎಂದರೆ ಸೌಟು. ನಾವು ದಿನಾ ಹೇಳುವ ‘ಚಮಚ’ವೂ ಅದೇ ಮನೆತನದ ಮಾತು. ಇನ್ನೊಂದು ಆಕೃತಿ ‘ದಿರ್ನಾಕ್’ ಎಂದರೆ ಉಗುರು, ಪಂಜ. ‘ತಾಉಕ್ ನುಸ್ಕಾ’ದಲ್ಲಿ ತಾಉಕ್ ಎಂದರೆ ಕೋಳಿ. ‘ಆಶಿಕ್’ ಎಂದರೆ ಮಕ್ಕಳು ಆಟಕ್ಕೆ ಬಳಸುವ ಕುರಿಯ ಕಾಲಿನ ಮೂಳೆ. ಮದುಮಗಳು ಕೂರುವ ಒಂಟೆಯ ಮೇಲಿನ ಮೇನೆಗೆ ‘ಕೆಜೆಬೆ’, ಅದೇ ಹೆಸರಿನ ಒಂದು ವಿನ್ಯಾಸವೂ ಇದೆ. ಅಡುಗೆಮನೆ, ಅಂಗಳ, ಕೋಳಿ, ಮಕ್ಕಳಾಟ, ಮದುವೆ. ನೇಯುವವರು ತಮ್ಮ ಆಕೃತಿಗಳನ್ನು ಗುರುತಿಸಿದ್ದು ಹೀಗೆ. ಆಕೃತಿ ಹುಟ್ಟಿದ್ದು ಇವುಗಳಿಂದಲೇ ಎಂದು ಇದರಿಂದ ಸಾಬೀತಾಗುವುದಿಲ್ಲ. ಹೆಸರು ಎಷ್ಟೋ ಸಲ ಆಮೇಲೆ ಅಂಟಿಕೊಳ್ಳುತ್ತದೆ. ಆದರೆ ವಿಶ್ವದ ರಹಸ್ಯವನ್ನು ಹುಡುಕುವವರು ಸೌಟಿನ ಮಾತನ್ನು ಬೇಗ ಮರೆತುಬಿಡುತ್ತಾರೆ ಎಂಬುದಂತೂ ನಿಜ.

ಈಗ ಆ ಪ್ರಸಿದ್ಧ ವಿವರಣೆಗೆ ಬರೋಣ. ‘ಇಸ್ಲಾಮಿನಲ್ಲಿ ಚಿತ್ರ ನಿಷಿದ್ಧ, ಆದ್ದರಿಂದ ಮುಸ್ಲಿಮರು ರೇಖಾಗಣಿತಕ್ಕೆ ಶರಣಾದರು’ ಎಂಬುದು ಆ ಮಾತು. ಶಾಲೆಯ ಪುಸ್ತಕದಿಂದ ಹಿಡಿದು ದುಬಾರಿ ಕ್ಯಾಟಲಾಗಿನವರೆಗೆ ಇದು ಹರಿದು ಬಂದಿದೆ. ನಮ್ಮವರೇ ಎಷ್ಟೋ ಜನ ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಸಜೀವ ಚಿತ್ರಗಳ ಬಗ್ಗೆ ಹದೀಸ್‌ಗಳಲ್ಲಿ ಎಚ್ಚರಿಕೆ ಇರುವುದು ಸರಿ. ಮಸೀದಿಯ ಗೋಡೆಗಳು ಲಿಪಿಯನ್ನೂ ಬಳ್ಳಿಯನ್ನೂ ನಕ್ಷತ್ರದ ಜೋಡಣೆಯನ್ನೂ ಆರಿಸಿಕೊಂಡದ್ದಕ್ಕೆ ಅದು ಕಾರಣವೂ ಹೌದು. ಆದರೆ ಗೋಡೆಯ ಮೇಲೆ ತೂಗುವ ಪರದೆಯ ಚಿತ್ರಕ್ಕೂ ಕಾಲಡಿಯ ಹಾಸಿನ ಚಿತ್ರಕ್ಕೂ ವ್ಯತ್ಯಾಸವಿದೆ ಎಂದು ಅನೇಕ ಫಿಕ್ಹ್ ವಿದ್ವಾಂಸರೇ ಹೇಳಿದ್ದಾರೆ. ಕೊನೆಗೂ ನಾವು ಮಾತಾಡುತ್ತಿರುವುದು ಕಾಲಡಿಯ ಹಾಸಿನ ಬಗ್ಗೆ ತಾನೇ?

ಗಂಬಳಿಗಳೇ ಹೇಳುವ ಸಾಕ್ಷ್ಯವನ್ನು ಕೇಳಿ. ಇರಾನಿನ ಸಫವಿ ಅರಸರ ಕಾಲದ, 16ನೇ ಶತಮಾನದ ಒಂದು ದೊಡ್ಡ ಗಂಬಳಿ ಇಟಲಿಯ ಮಿಲಾನಿನ ಪೋಲ್ಡಿ ಪೆಜ್ಜೋಲಿ ಸಂಗ್ರಹಾಲಯದಲ್ಲಿದೆ. ಅದರ ತುಂಬ ಕುದುರೆ ಸವಾರರು, ಸಿಂಹ, ಜಿಂಕೆಗಳ ಬೇಟೆ. ಅದು ಅರಮನೆಯ ಮಾತಾಯಿತು, ಬುಡಕಟ್ಟಿನವರದ್ದು ಬೇರೆ ಎನ್ನಬಹುದು. ಹಾಗಾದರೆ ಇರಾನಿನ ಫಾರ್ಸ್ ಪ್ರಾಂತದ ಖಷ್ಖಾಯಿ, ಖಮ್ಸೆ ಅಲೆಮಾರಿಗಳನ್ನು ನೋಡಿ. ಖಮ್ಸೆಯವರ ಒಂದು ಬಗೆಯ ಗಂಬಳಿಗೆ ‘ಮುರ್ಗಿ’ ಎಂದೇ ಹೆಸರು, ಅದರ ತುಂಬ ಕೋಳಿಗಳು. ಅರ್ಥ ಹೇಳಬೇಕಾಗಿಲ್ಲ. ಅದೇ ಪ್ರಾಂತದ ಸಿಂಹದ ಗಂಬಳಿಗಳ ಬಗ್ಗೆ ಇರಾನಿನ ಶಿಲ್ಪಿ ಪರ್ವೀಜ್ ತನಾವೊಲಿ 1985ರಲ್ಲಿ ಒಂದು ಪುಸ್ತಕವನ್ನೇ ತಂದರು. ತುರ್ಕಮನ್ನರಲ್ಲೂ ಇದೆ. ತಾಉಕ್ ನುಸ್ಕಾ ಗುಲ್ಲಿನ ಪ್ರತಿ ಪಾಲಿನಲ್ಲೂ ನಾಲ್ಕು ಕಾಲಿನ ಪ್ರಾಣಿಗಳು ನಿಂತಿವೆ. ತೆಕೆಯವರ ಅಪರೂಪದ ಅಸ್ಮಾಲಿಕ್‌ಗಳಲ್ಲಿ ಹಕ್ಕಿಗಳ ಸಾಲೇ ಇದೆ. ಈ ಹೆಂಗಸರಿಗೆ ಪ್ರಾಣಿ ಬೇಕಾದಾಗ ಪ್ರಾಣಿ ನೇಯ್ದರು.

ಇನ್ನೊಂದು ತುದಿಯಿಂದಲೂ ನೋಡಬಹುದು. 1949ರಲ್ಲಿ ಸೋವಿಯತ್ ಪುರಾತತ್ವಜ್ಞ ಸೆರ್ಗೆಯ್ ರುದೆಂಕೊ ಸೈಬೀರಿಯಾದ ಅಲ್ತಾಯ್ ಪರ್ವತಗಳ ಪಜಿರಿಕ್‌ನಲ್ಲಿ, ಹಿಮಗಟ್ಟಿದ ಒಂದು ಗೋರಿಯೊಳಗೆ ಗಂಟು ಹಾಕಿ ನೇಯ್ದ ಗಂಬಳಿಯೊಂದನ್ನು ಕಂಡರು. ಅದೀಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್‌ನಲ್ಲಿದೆ. ಕಾಲ ಕ್ರಿಸ್ತಪೂರ್ವ 5ರಿಂದ 3ನೇ ಶತಮಾನದೊಳಗೆ ಎಂದು ಎಣಿಸಿದ್ದಾರೆ. ಅಂದರೆ ಇಸ್ಲಾಮ್ ಬರುವ ಸಾವಿರ ವರ್ಷಗಳಷ್ಟು ಹಿಂದೆ. ಅದರ ನಡುವೆ ಚೌಕಗಳ ಸಾಲು, ಚೌಕದೊಳಗೆ ನಕ್ಷತ್ರದಂಥ ಆಕೃತಿ, ಅಂಚಿನಲ್ಲಿ ಜಿಂಕೆಗಳು ಮತ್ತು ಕುದುರೆ ಸವಾರರು. ಚೌಕದೊಳಗಿನ ನಕ್ಷತ್ರಕ್ಕೆ ಯಾರ ನಿಷೇಧವೂ ಬೇಕಾಗಿರಲಿಲ್ಲ ಎಂದಾಯಿತು.

ಧರ್ಮ ಕಾರಣವಲ್ಲವಾದರೆ ಮಗ್ಗವೇ ಕಾರಣ ಎನ್ನುವವರಿದ್ದಾರೆ. ಹಾಸು ನೆಟ್ಟಗೆ, ಹೊಕ್ಕು ಅಡ್ಡಕ್ಕೆ, ಗಂಟುಗಳು ಚೌಕಳಿಯಂತೆ ಕೂರುತ್ತವೆ, ಆದ್ದರಿಂದ ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು ಎಂಬುದು ಅವರ ವಾದ. ಇದು ಮೊದಲಿನದಕ್ಕಿಂತ ಎಷ್ಟೋ ವಾಸಿ. ಒರಟು ನೇಯ್ಗೆಗೆ ಪೂರ್ತಿ ಸರಿಯೂ ಹೌದು. ಆದರೆ ತೆಕೆ ಹೆಂಗಸಿನ ಗಂಟು ಒರಟಲ್ಲ. ಅಷ್ಟೇ ಗಂಟಿನ ಲೆಕ್ಕದಲ್ಲಿ ಇರಾನಿನ ಪಟ್ಟಣದ ಮಗ್ಗಗಳು ಬಳ್ಳಿಯನ್ನು ಬಾಗಿಸಿವೆ, ಹೂವಿನ ದಳವನ್ನು ತಿರುಗಿಸಿವೆ. ಇದಕ್ಕಿಂತ ನೇರವಾದ ಸಾಕ್ಷ್ಯ ಸೋವಿಯತ್ ಕಾಲದಲ್ಲಿ ಸಿಕ್ಕಿತು. ಸಹಕಾರಿ ಕಾರ್ಖಾನೆಗಳಲ್ಲಿ ಕೂರಿಸಿ, ಎದುರಿಗೆ ಅಳತೆಯ ನಕ್ಷೆಯ ಹಾಳೆ ಇಟ್ಟಾಗ ಇದೇ ತುರ್ಕಮನ್ ಹೆಂಗಸರು ಲೆನಿನ್ನನ ಮುಖವನ್ನು, ಗಡ್ಡದ ನೆರಳಿನ ಸಮೇತ, ಉಣ್ಣೆಯ ಗಂಟಿನಲ್ಲಿ ಮೂಡಿಸಿದರು. ಸ್ಟಾಲಿನ್ನನದ್ದೂ ಆಯಿತು. ಕೈಗೆ ಬಾರದ್ದೇನೂ ಇರಲಿಲ್ಲ.

ಹಾಗಿದ್ದರೆ ಅದಕ್ಕೂ ಮೊದಲು ಶತಮಾನಗಳ ಕಾಲ ಅವರು ಗುಲ್ಲಿಗೇ ಅಂಟಿಕೊಂಡದ್ದು ಏಕೆ? ಉತ್ತರ ಆ ನಕ್ಷೆಯ ಹಾಳೆಯಲ್ಲೇ ಇದೆ ಎಂದು ನನಗನಿಸುತ್ತದೆ. ಲೆನಿನ್ನನ ಮುಖಕ್ಕೆ ಹಾಳೆ ಬೇಕು. ಪಟ್ಟಣದ ಬಳ್ಳಿಗೂ ಚಿತ್ರಗಾರ ಬರೆದುಕೊಟ್ಟ ಹಾಳೆ ಬೇಕು, ಅದನ್ನು ಕೂಗಿ ಹೇಳುವ ಒಬ್ಬ ಉಸ್ತಾದ್ ಬೇಕು. ಗುಡಾರದಲ್ಲಿ ಹಾಳೆಯಿಲ್ಲ. ಮಗ್ಗವೆಂದರೆ ನೆಲದ ಮೇಲೆ ಮಲಗಿಸಿ ನಾಲ್ಕು ಗೂಟಕ್ಕೆ ಬಿಗಿದ ಎರಡು ಮರದ ತೊಲೆ. ಹುಲ್ಲು ತೀರಿದಾಗ ಅರ್ಧ ನೇಯ್ದದ್ದನ್ನು ಸುತ್ತಿಕೊಂಡು ಹೊರಡಬೇಕು. ಹೋದಲ್ಲಿ ಮತ್ತೆ ಗೂಟ ಹೊಡೆದು ಬಿಟ್ಟಲ್ಲಿಂದ ಹಿಡಿಯಬೇಕು. ಅಂಥವಳಿಗೆ ಬೇಕಾದದ್ದು ತಲೆಯಲ್ಲಿ ಹೊತ್ತೊಯ್ಯಬಹುದಾದ ವಿನ್ಯಾಸ. ನಾಲ್ಕು ಪಾಲಿನ ಗುಲ್ ಅಂಥದ್ದು. ಒಂದು ಪಾಲಿನ ಎಣಿಕೆ ಗೊತ್ತಿದ್ದರೆ ಉಳಿದ ಮೂರು ಅದರ ಮಗುಚಿದ ರೂಪಗಳು. ಒಂದು ಗುಲ್ ಗೊತ್ತಿದ್ದರೆ ಇಡೀ ನೆಲ ಗೊತ್ತು. ತಾಯಿ ಮಗಳಿಗೆ ಕಲಿಸುವುದು ಚಿತ್ರವನ್ನಲ್ಲ, ಲೆಕ್ಕವನ್ನು. ಇಷ್ಟು ಕೆಂಪು, ಎರಡು ನೀಲಿ, ಮತ್ತೆ ಇಷ್ಟು ಕೆಂಪು. ಗುಡಾರವನ್ನು ಹೇಗೆ ಬಿಚ್ಚಿ ಕಟ್ಟಬಹುದೋ ಹಾಗೆಯೇ ಬಿಚ್ಚಿ ಕಟ್ಟಬಹುದಾದ ಜ್ಞಾನ ಇದು.

ನಮ್ಮ ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಜಮಖಾನೆ ನೇಯುವ ಮುಸ್ಲಿಂ ಹೆಂಗಸರನ್ನು ಕಂಡವರಿಗೆ ಈ ಮಾತು ಬೇಗ ಹಿಡಿಯುತ್ತದೆ. ಅಲ್ಲಿ ಗಂಟಿಲ್ಲ, ಹತ್ತಿ ನೂಲಿನ ಚಪ್ಪಟೆ ನೇಯ್ಗೆ. ತುರ್ಕಮನ್ನರಿಗೂ ಅವರಿಗೂ ವಂಶದ ನಂಟು ಕಟ್ಟುವ ಅಗತ್ಯವೂ ಇಲ್ಲ. ಆದರೆ ಎಳೆ ಎಣಿಸಿ ಚೌಕ ಕಟ್ಟುವ ಕೈಗೆ ತಲೆಯಲ್ಲಿ ಎಷ್ಟು ಲೆಕ್ಕ ಓಡುತ್ತಿರುತ್ತದೆ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಈ ಲೆಕ್ಕ ಒಮ್ಮೊಮ್ಮೆ ತಪ್ಪುವುದೂ ಉಂಟು. ಅಂಚಿನ ಪಟ್ಟಿ ಮೂಲೆ ತಿರುಗುವಲ್ಲಿ ಆಕೃತಿ ಅರ್ಧಕ್ಕೇ ತುಂಡಾಗಿರುತ್ತದೆ. ಕೊನೆಯ ಸಾಲಿನ ಗುಲ್‌ಗಳು ಜಾಗ ಸಾಲದೆ ಕುಗ್ಗಿರುತ್ತವೆ. ನೆಲದ ಕೆಂಪು ಒಂದು ಕಡೆ ಇದ್ದಕ್ಕಿದ್ದಂತೆ ತುಸು ತಿಳಿಯಾಗಿರುತ್ತದೆ. ಅಂಗಡಿಯವರು ಇಲ್ಲೊಂದು ಕಥೆ ಹೇಳುತ್ತಾರೆ. ‘ಪರಿಪೂರ್ಣತೆ ಅಲ್ಲಾಹನಿಗೆ ಮಾತ್ರ ಸಲ್ಲುತ್ತದೆ. ಆದ್ದರಿಂದ ಮುಸ್ಲಿಂ ನೇಕಾರರು ಬೇಕೆಂದೇ ಒಂದು ತಪ್ಪನ್ನು ಬಿಡುತ್ತಾರೆ.’ ಕೇಳಲು ಇಂಪಾದ ಕಥೆ. ಮಾಲಿನ ಕುಂದನ್ನೇ ಭಕ್ತಿಯನ್ನಾಗಿ ಮಾರಿ ಹೆಚ್ಚು ಬೆಲೆ ಪಡೆಯುವ ಜಾಣತನವೂ ಅದರಲ್ಲಿದೆ. ಆದರೆ ಒಂದು ಕ್ಷಣ ಯೋಚಿಸಿ. ಬೇಕೆಂದೇ ಒಂದು ತಪ್ಪು ಮಾಡಬೇಕೆಂದರೆ, ಅದೊಂದಿಲ್ಲದಿದ್ದರೆ ತನ್ನ ಕೆಲಸ ಪರಿಪೂರ್ಣವಾಗುತ್ತಿತ್ತು ಎಂದು ನಂಬಿರಬೇಕು. ಅದು ವಿನಯವೋ ಅಹಂಕಾರವೋ? ಹನ್ನೊಂದು ಲಕ್ಷ ಗಂಟು ಹಾಕುವ ಯಾವ ಹೆಣ್ಣಿಗೂ ತಪ್ಪನ್ನು ಹುಡುಕಿಕೊಂಡು ಹೋಗಬೇಕಾದ ಅಗತ್ಯ ಬೀಳುವುದಿಲ್ಲ. ಅದಾಗಿಯೇ ಬರುತ್ತದೆ. ಕೆಂಪು ತಿಳಿಯಾಗುವುದಕ್ಕಂತೂ ಕಾರಣ ಸರಳ. ಸಣ್ಣ ಪಾತ್ರೆಯಲ್ಲಿ ಸ್ವಲ್ಪ ಸ್ವಲ್ಪವೇ ಉಣ್ಣೆಗೆ ಬಣ್ಣ ಕಟ್ಟುತ್ತಾರೆ, ಒಂದು ಸಲದ ಬಣ್ಣ ಮತ್ತೊಂದು ಸಲಕ್ಕೆ ಹಾಗೇ ಬರುವುದಿಲ್ಲ.

ಇನ್ನೊಂದು ಉದಾಹರಣೆ ಬಾಗಿಲಿನ ‘ಎನ್ಸಿ’ಯದ್ದು. ಅದರ ನೆಲವನ್ನು ಒಂದು ಅಡ್ಡ ಪಟ್ಟಿ, ಒಂದು ನೆಟ್ಟ ಪಟ್ಟಿ ಸೇರಿ ನಾಲ್ಕು ಭಾಗ ಮಾಡುತ್ತವೆ. ಅರ್ಮೇನಿಯನ್ ಭಾಷೆಯಲ್ಲಿ ಶಿಲುಬೆಗೆ ಇರುವ ಪದದಿಂದ ವ್ಯಾಪಾರಿಗಳು ಇದಕ್ಕೆ ‘ಹಚ್ಲಿ’ ಎಂದು ಹೆಸರಿಟ್ಟರು. ಕೆಲವು ಎನ್ಸಿಗಳ ಮೇಲ್ತುದಿಯಲ್ಲಿ ಮಿಹ್ರಾಬಿನಂಥ ಸಣ್ಣ ಕಮಾನು ಇರುತ್ತದೆ. ಅದನ್ನು ಕಂಡ ಇನ್ನು ಕೆಲವರು ಇದು ನಮಾಝಿನ ಮುಸಲ್ಲಾ ಎಂದರು. ಒಂದೇ ವಸ್ತು, ಒಬ್ಬನಿಗೆ ಶಿಲುಬೆ, ಇನ್ನೊಬ್ಬನಿಗೆ ಮುಸಲ್ಲಾ. ಗಾಳಿ ಮರಳು ಒಳಗೆ ನುಗ್ಗದಂತೆ ಬಾಗಿಲಿಗೆ ನೇತುಹಾಕಿದ್ದು ಎಂದರೆ ಬೆಲೆ ಕಡಿಮೆಯಾಗುತ್ತದೆಯೋ ಏನೋ.

ಈ ಗಂಬಳಿಗಳು ಗುಡಾರದಿಂದ ಹೊರಜಗತ್ತಿಗೆ ಬಂದ ದಾರಿಯನ್ನೂ ನೋಡಬೇಕು. 1881ರ ಜನವರಿಯಲ್ಲಿ ರಷ್ಯದ ಜನರಲ್ ಸ್ಕೊಬೆಲೆವ್ ಗೋಕ್ ತೆಪೆ ಎಂಬಲ್ಲಿ ತೆಕೆಗಳ ಮಣ್ಣಿನ ಕೋಟೆಯನ್ನು ಸ್ಫೋಟಿಸಿ ನುಗ್ಗಿದ. ಕೋಟೆಯೊಳಗೆ ಸತ್ತವರ ಜೊತೆಗೆ, ಓಡಿಹೋಗುತ್ತಿದ್ದ ಹೆಂಗಸರು ಮಕ್ಕಳೂ ಸೇರಿದಂತೆ ಸಾವಿರಾರು ಜನರನ್ನು ಬೆನ್ನಟ್ಟಿ ಕೊಲ್ಲಲಾಯಿತು. 1884ರಲ್ಲಿ ಮರ್ವ್ ಕೂಡ ರಷ್ಯಕ್ಕೆ ಸೇರಿತು. ಸೈನ್ಯಕ್ಕಾಗಿ 1880ರಲ್ಲಿ ಶುರುವಾದ ರೈಲು ಹಾದಿ 1888ಕ್ಕೆ ಸಮರ್ಖಂದ್ ಮುಟ್ಟಿತು. ಸೈನಿಕರನ್ನು ತಂದ ಅದೇ ರೈಲು ಹಿಂದಿರುಗುವಾಗ ಗಂಬಳಿಗಳನ್ನು ಹೇರಿಕೊಂಡು ಹೋಯಿತು, ಕೃತಕ ಬಣ್ಣದ ಪುಡಿಯನ್ನು ತಂದಿತು. ಯುರೋಪಿನ ಮನೆಗಳಿಗೆ ತುರ್ಕಮನ್ ಗಂಬಳಿ ರಾಶಿಯಾಗಿ ಬಂದದ್ದು ಆಗಲೇ. ಕುಲದ ಉಪಯೋಗಕ್ಕೆ, ಮಗಳ ಮದುವೆಗೆಂದು ನೇಯ್ದದ್ದನ್ನು ಜನ ಮಾರತೊಡಗಿದ್ದು ಅಭಿರುಚಿ ಬದಲಾಗಿ ಅಲ್ಲ.

ಇವುಗಳ ಮೊದಲ ದೊಡ್ಡ ಗ್ರಂಥವನ್ನು ಮಾಡಿದವರೂ ಒಬ್ಬ ಜನರಲ್ಲೇ. ಗೆದ್ದ ಆ ಪ್ರಾಂತಕ್ಕೆ ಗವರ್ನರ್ ಆಗಿದ್ದ ಆಂಡ್ರೇ ಬೊಗೊಲ್ಯುಬೊವ್ ತಾನು ಕೂಡಿಟ್ಟ ಗಂಬಳಿಗಳ ಬಣ್ಣದ ಚಿತ್ರಗಳನ್ನು 1908 ಮತ್ತು 1909ರಲ್ಲಿ ಎರಡು ಸಂಪುಟಗಳಾಗಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪ್ರಕಟಿಸಿದರು. ಅವರ ಕಣ್ಣು ಒಳ್ಳೆಯದು, ಸಂಗ್ರಹ ಬೆಲೆಬಾಳುವಂಥದ್ದು. ಎಲ್ಲ ಗಂಬಳಿಯನ್ನೂ ‘ಬುಖಾರಾ’ ಎಂದು ಒಂದೇ ಚೀಲಕ್ಕೆ ತುಂಬದೆ ಬುಡಕಟ್ಟುಗಳ ಹೆಸರಿನಲ್ಲಿ ವಿಂಗಡಿಸಿದ್ದು ಅವರ ದೊಡ್ಡ ಉಪಕಾರ. ಇದನ್ನು ಒಪ್ಪಿಕೊಳ್ಳುತ್ತಲೇ, ಆಳುವವನ ಸಂಗ್ರಹ ಎಂಬ ಮಾತನ್ನೂ ಮರೆಯಬಾರದು.

ಸೋವಿಯತ್ ವಿದ್ವಾಂಸೆ ವ್ಯಾಲೆಂಟಿನಾ ಮೊಷ್ಕೊವಾ ಬೇರೆ ಬಗೆಯವರು. 1929ರಿಂದ ಹಲವು ವರ್ಷ ಅಲೆದು ನೇಯುವವರ ಬಾಯಿಂದಲೇ ಹೆಸರುಗಳನ್ನು ಬರೆದುಕೊಂಡರು. ಅವರ ಪುಸ್ತಕ ಅವರು ತೀರಿಕೊಂಡ ಎಷ್ಟೋ ಕಾಲದ ಮೇಲೆ, 1970ರಲ್ಲಿ ತಾಷ್ಕೆಂಟಿನಲ್ಲಿ ಹೊರಬಂತು. ದೊಡ್ಡ ಗಂಬಳಿಯ ಮೇಲಿನ ‘ಗೋಲ್’ ಬುಡಕಟ್ಟಿನ ಲಾಂಛನ ಎಂಬುದು ಅವರ ವಾದ. ಯುದ್ಧದಲ್ಲಿ ಸೋತ ಬುಡಕಟ್ಟು ತನ್ನ ಗೋಲ್ ಬಿಟ್ಟು ಗೆದ್ದವರ ಗೋಲ್ ನೇಯಬೇಕು. ಸೋತವರ ಗೋಲ್ ಸಾಯುವುದಿಲ್ಲ, ದೊಡ್ಡ ಗಂಬಳಿಯಿಂದ ಇಳಿದು ಚೀಲಗಳಿಗೆ ಸರಿಯುತ್ತದೆ. 1832ರಲ್ಲಿ ಇರಾನಿನ ರಾಜಕುಮಾರ ಅಬ್ಬಾಸ್ ಮಿರ್ಜಾ ಸರಖ್ಸ್‌ನಲ್ಲಿ ಸಾಲೋರ್‌ಗಳನ್ನು ಮುರಿದ ನಂತರ ಅವರ ಗುಲ್ ಇತರ ಬುಡಕಟ್ಟುಗಳ ಚೀಲಗಳ ಮೇಲೆ ಕಾಣುವುದನ್ನು ಈ ವಾದ ಚೆನ್ನಾಗಿ ವಿವರಿಸುತ್ತದೆ. ಆದರೆ ಎಲ್ಲವನ್ನೂ ವಿವರಿಸುವುದಿಲ್ಲ. ಒಂದೇ ತಾಉಕ್ ನುಸ್ಕಾ ಗುಲ್ಲನ್ನು ಹಲವು ಬುಡಕಟ್ಟುಗಳು ನೇಯ್ದಿವೆ. ಯೋಮುತ್‌ಗಳ ದೊಡ್ಡ ಗಂಬಳಿಗಳಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಗುಲ್‌ಗಳಿವೆ. ಚೆಂದ ಕಂಡ ಆಕೃತಿಯನ್ನು ನೆರೆಯವಳಿಂದ ಕಲಿತುಕೊಳ್ಳುವುದು, ಮದುವೆಯಾಗಿ ಬಂದವಳು ತವರಿನ ಎಣಿಕೆಯನ್ನು ಜೊತೆಗೆ ತರುವುದು, ಇವಕ್ಕೂ ಜಾಗ ಬೇಡವೇ? ಯುದ್ಧ ಮಾಡಿದ್ದು ಗಂಡಸರು, ನೇಯ್ದದ್ದು ಹೆಂಗಸರು. ಗಂಡಸರ ಸೋಲುಗೆಲುವಿನ ಪಟ್ಟಿಯನ್ನಷ್ಟೇ ಗಂಬಳಿಯಲ್ಲಿ ಓದಿದರೆ ಮಗ್ಗದ ಮುಂದೆ ಕುಳಿತವಳು ಮತ್ತೆ ಬರೀ ಕೈಯಾಗುತ್ತಾಳೆ.

ಅರ್ಥ ಹುಡುಕುವ ಹುಚ್ಚು ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಪಕ್ಕದ ತುರ್ಕಿಯ ಒಂದು ಪ್ರಕರಣ ಸಾಕು. ಚತಾಲ್‌ಹೊಯುಕ್ ಎಂಬ ಎಂಟೊಂಬತ್ತು ಸಾವಿರ ವರ್ಷ ಹಳೆಯ ನೆಲೆಯನ್ನು 1960ರ ದಶಕದಲ್ಲಿ ಅಗೆದ ಪುರಾತತ್ವಜ್ಞ ಜೇಮ್ಸ್ ಮೆಲಾರ್ಟ್, 1989ರಲ್ಲಿ ಇತರರ ಜೊತೆ ಸೇರಿ ಒಂದು ಭಾರೀ ಗ್ರಂಥ ತಂದರು. ಅನತೋಲಿಯದ ಹೆಂಗಸರು ಇಂದಿಗೂ ನೇಯುವ ಕಿಲಿಮ್ ಹಾಸುಗಳ ಆಕೃತಿಗಳು ಆ ನೆಲೆಯ ಗೋಡೆಚಿತ್ರಗಳಲ್ಲೇ ಇದ್ದವು, ಸೊಂಟದ ಮೇಲೆ ಕೈಯಿಟ್ಟ ಆಕೃತಿ ಆದಿಮಾತೆಯದ್ದು ಎಂಬುದು ಅವರ ಹೇಳಿಕೆ. ಆದರೆ ಆ ಗೋಡೆಚಿತ್ರಗಳ ಫೋಟೊ ಒಂದೂ ಇರಲಿಲ್ಲ, ಇದ್ದದ್ದು ಮೆಲಾರ್ಟ್ ಬರೆದ ರೇಖಾಚಿತ್ರಗಳು ಮಾತ್ರ. ನೇಯ್ಗೆ ಬಲ್ಲವರು ಅಂದೇ ತಕರಾರೆತ್ತಿದರು. ಮೆಲಾರ್ಟ್ 2012ರಲ್ಲಿ ತೀರಿಕೊಂಡರು. 2018ರಲ್ಲಿ ಅವರ ಲಂಡನ್ನಿನ ಮನೆಯ ಕಾಗದಪತ್ರಗಳನ್ನು ನೋಡಿದ ಎಬರ್‌ಹಾರ್ಡ್ ತ್ಸಾಂಗರ್, ಅಂಥ ‘ಗೋಡೆಚಿತ್ರ’ಗಳ ಕರಡುಗಳನ್ನು ಮೆಲಾರ್ಟ್ ಮನೆಯಲ್ಲೇ ಕುಳಿತು ರಚಿಸಿದ್ದರು ಎಂದು ಬಹಿರಂಗಪಡಿಸಿದರು. ಈ ನಡುವೆ ಎಷ್ಟೋ ಅಂಗಡಿಗಳಲ್ಲಿ ಆದಿಮಾತೆ ಕಿಲಿಮ್ ಮಾರಿಕೊಟ್ಟಿದ್ದಳು.

ಕಾಲ ನಿರ್ಣಯದ ಕಥೆಯೂ ಸುಲಭದ್ದಲ್ಲ. ಸ್ವಿಟ್ಜರ್ಲೆಂಡಿನ ಯೂರ್ಗ್ ರಾಗೆತ್ 2016ರ ತಮ್ಮ ಗ್ರಂಥದಲ್ಲಿ ತುರ್ಕಮನ್ ನೇಯ್ಗೆಗಳ ಇಂಗಾಲ ಪರೀಕ್ಷೆ, ಬಣ್ಣದ ಪರೀಕ್ಷೆಗಳನ್ನು ಒಟ್ಟುಗೂಡಿಸಿದ್ದಾರೆ. ಕೆಲವು ತುಂಡುಗಳು 17ನೇ ಶತಮಾನಕ್ಕೂ ಹಿಂದಿನವು ಎಂದು ತಿಳಿದದ್ದು ಹೀಗೆ. ಆದರೆ ಸುಮಾರು 1650ರ ನಂತರದ ಮೂರು ಶತಮಾನಗಳಿಗೆ ಇಂಗಾಲ ಪರೀಕ್ಷೆ ಖಚಿತ ಉತ್ತರ ಕೊಡುವುದಿಲ್ಲ, ಮಾರುಕಟ್ಟೆಯಲ್ಲಿರುವ ಹೆಚ್ಚಿನವು ಬೀಳುವುದು ಅದೇ ಅವಧಿಗೆ. ಆದ್ದರಿಂದ ‘ಇನ್ನೂರು ವರ್ಷ ಹಳೆಯದು’ ಎಂದು ಯಾರಾದರೂ ಎದೆ ತಟ್ಟಿ ಹೇಳಿದರೆ, ಯಾವುದರ ಆಧಾರದ ಮೇಲೆ ಎಂದು ಕೇಳುವುದು ಒಳಿತು.

ಗುಲ್ ಇಂದು ರಾಷ್ಟ್ರಧ್ವಜಕ್ಕೇರಿದೆ. 1992ರಲ್ಲಿ ತುರ್ಕ್‌ಮೆನಿಸ್ತಾನ್ ಅಂಗೀಕರಿಸಿದ ಧ್ವಜದ ಕೆಂಪು ಪಟ್ಟಿಯಲ್ಲಿ ಐದು ಬುಡಕಟ್ಟುಗಳ ಐದು ಗುಲ್‌ಗಳಿವೆ. ಸಂಗ್ರಾಹಕರು ಅತಿ ಹೆಚ್ಚು ಹಂಬಲಿಸುವ ಸಾಲೋರ್‌ಗಳ ಗುಲ್ ಅಲ್ಲಿಲ್ಲ. 2001ರಲ್ಲಿ ಅಲ್ಲಿನ ಸರ್ಕಾರ 301 ಚದರ ಮೀಟರಿನ ಗಂಬಳಿಯೊಂದನ್ನು ನೇಯಿಸಿ, ಆಗಿನ ಅಧ್ಯಕ್ಷರ ‘ಸುವರ್ಣಯುಗ’ದ ಹೆಸರಿಟ್ಟು, ಗಿನ್ನೆಸ್ ದಾಖಲೆ ಮಾಡಿಸಿತು. 2019ರಲ್ಲಿ ಯುನೆಸ್ಕೊ ತುರ್ಕಮನ್ ಗಂಬಳಿ ಕಲೆಯನ್ನು ತನ್ನ ಪಟ್ಟಿಗೆ ಸೇರಿಸಿತು. ಒಂಟೆಯ ಬೆನ್ನಿನ ಮೇಲೆ ಹೊರಲಾಗದ ಗಂಬಳಿಗೆ ಬುಡಕಟ್ಟಿನ ಕಲೆ ಎನ್ನುವುದು ಹೇಗೆ ಎಂದು ಯಾರೂ ಕೇಳಲಿಲ್ಲ.

ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ ಅರ್ದಬೀಲ್ ಗಂಬಳಿ ಇದೆ. ಅದರ ಒಂದು ತುದಿಯಲ್ಲಿ ಮಕ್ಸೂದ್ ಕಾಶಾನಿ ಎಂಬ ಹೆಸರು, ಹಿಜರಿ 946 ಎಂಬ ವರ್ಷ ನೇಯ್ದಿದೆ. ಮಕ್ಸೂದ್ ಅದನ್ನು ತನ್ನ ಕೈಯಾರೆ ನೇಯ್ದಿರಲಾರ, ನೇಯಿಸಿದವನಿರಬೇಕು. ಆದರೂ ಹೆಸರು ಅವನದ್ದು. ತುರ್ಕಮನ್ ಚೀಲದ ಪಕ್ಕದ ಫಲಕದಲ್ಲಿ ಬುಡಕಟ್ಟಿನ ಹೆಸರಿರುತ್ತದೆ, ಶತಮಾನವಿರುತ್ತದೆ, ಅದನ್ನು ದಾನ ಕೊಟ್ಟ ಸಂಗ್ರಾಹಕನ ಹೆಸರಿರುತ್ತದೆ. ನೇಯ್ದವಳ ಹೆಸರನ್ನು ಅಂದೇ ಯಾರೂ ಕೇಳಿ ಬರೆದುಕೊಂಡಿರಲಿಲ್ಲ.

ಆದರೆ ಅವಳನ್ನು ಕಾಣಲು ಒಂದು ದಾರಿ ಉಳಿದಿದೆ. ಗಂಬಳಿಯನ್ನು ತಿರುಗಿಸಿ ಬೆನ್ನು ನೋಡಬೇಕು. ಮುಂಬದಿಯಲ್ಲಿ ಉಣ್ಣೆ ಮುಚ್ಚಿಟ್ಟದ್ದೆಲ್ಲ ಅಲ್ಲಿ ಬಯಲಾಗಿರುತ್ತದೆ. ಪ್ರತಿ ಗಂಟು ಬಿಡಿಬಿಡಿಯಾಗಿ ಕಾಣುತ್ತದೆ. ಎಲ್ಲಿ ಹೊಕ್ಕನ್ನು ಬಿಗಿಯಾಗಿ ಬಡಿದಳು, ಎಲ್ಲಿ ಕೈ ಸಡಿಲವಾಯಿತು, ಯಾವ ಗುಲ್ಲಿನಲ್ಲಿ ಎಣಿಕೆ ಒಂದು ಗಂಟು ಜಾರಿತು, ಮುಂದಿನ ಸಾಲಿನಲ್ಲಿ ಅದನ್ನು ಹೇಗೆ ಸರಿದೂಗಿಸಿದಳು, ಇಬ್ಬರು ಪಕ್ಕಪಕ್ಕ ಕುಳಿತು ನೇಯ್ದಿದ್ದರೆ ಒಬ್ಬಳ ಬಿಗಿ ಎಲ್ಲಿ ನಿಂತು ಇನ್ನೊಬ್ಬಳ ಬಿಗಿ ಎಲ್ಲಿ ಶುರುವಾಯಿತು, ಎಲ್ಲವೂ ಇವೆ. ಉತ್ತರ ಅಫ್ಘಾನಿಸ್ತಾನದ ಎರ್ಸಾರಿ ತುರ್ಕಮನ್ನರ ಮನೆಗಳಲ್ಲಿ ಇಂದಿಗೂ ಅದೇ ಗುಲ್‌ಗಳನ್ನು ನೇಯುತ್ತಾರೆ. 2021ರಲ್ಲಿ ತಾಲಿಬಾನ್ ಆಡಳಿತ ಮರಳಿ ಬಂದು ಆರನೇ ತರಗತಿಯಿಂದಾಚೆಗೆ ಹೆಣ್ಣುಮಕ್ಕಳ ಶಾಲೆಗಳನ್ನು ಮುಚ್ಚಿದ ಮೇಲೆ, ಪುಸ್ತಕ ಹಿಡಿಯಬೇಕಾಗಿದ್ದ ಎಷ್ಟೋ ಹುಡುಗಿಯರು ಮನೆಯೊಳಗಿನ ಮಗ್ಗದ ಮುಂದೆ ಕುಳಿತಿದ್ದಾರೆ. ಅವರು ನೇಯ್ದದ್ದರಲ್ಲಿ ಬಹಳಷ್ಟು ಪಾಕಿಸ್ತಾನದ ದಾರಿಯಾಗಿ, ಬೇರೆ ಹೆಸರು ಹೊತ್ತು ಅಂಗಡಿಗಳಿಗೆ ಬರುತ್ತದೆ.